ಪಿಕಳಾರ ಬಟ್ಟೆಗೆ ಇಳಿಯುವ ಬಗೆ: ಪ್ರಾಣಿ ಮತ್ತು ಪ್ರಕೃತಿಯ ಚಿತ್ರಗಳಿಂದ ಸ್ಕ್ರೀನ್ ಮುದ್ರಣದ ವಿನ್ಯಾಸ

ಹಕ್ಕಿಯನ್ನೋ ಎಲೆಯನ್ನೋ ನೋಡಿ ಬರೆದ ಚಿತ್ರ ಎಷ್ಟೇ ಸೊಗಸಾಗಿದ್ದರೂ ಅದು ತನ್ನಷ್ಟಕ್ಕೆ ತಾನೇ ಬಟ್ಟೆಯ ವಿನ್ಯಾಸವಾಗುವುದಿಲ್ಲ. ಪೆನ್ಸಿಲನ್ನು ಒತ್ತಿ, ಸಡಿಲಿಸಿ ಹತ್ತಾರು ಬೂದು ಛಾಯೆಗಳನ್ನು ತರಬಹುದು. ಜಲವರ್ಣದಲ್ಲಿ ಒಂದು ಬಣ್ಣ ಇನ್ನೊಂದರೊಳಗೆ ಗಡಿಯೇ ಕಾಣದಂತೆ ಕರಗಬಹುದು. ಸ್ಕ್ರೀನ್ ಮುದ್ರಣಕ್ಕೆ ಗೊತ್ತಿರುವುದು ಎರಡೇ ಸ್ಥಿತಿ: ಈ ಜಾಗದಲ್ಲಿ ಬಣ್ಣ ಇಳಿಯುತ್ತದೆ, ಆ ಜಾಗದಲ್ಲಿ ಇಳಿಯುವುದಿಲ್ಲ. ಹೀಗಾಗಿ ಯಾವ ಗುಣವನ್ನು ಬಿಟ್ಟರೆ ಒಂದು ಪ್ರಾಣಿ ಆ ಪ್ರಾಣಿಯಾಗಿ ಉಳಿಯುವುದಿಲ್ಲವೋ ಅದನ್ನು ಗುರುತಿಸಿ ಹಿಡಿದುಕೊಂಡು, ಮಿಕ್ಕಿದ್ದನ್ನು ಧೈರ್ಯವಾಗಿ ಕೈಬಿಡುವುದೇ ವಿನ್ಯಾಸಕಾರರ ಮುಖ್ಯ ಕೆಲಸ. ಚಿತ್ರವನ್ನು ಮನಸ್ಸಿಗೆ ಬಂದಂತೆ ಮುಗಿಸಿ, ಆಮೇಲೆ ಕಂಪ್ಯೂಟರಿನಲ್ಲಿ ಅದರ ಬಣ್ಣಗಳನ್ನು ಮೂರಕ್ಕೋ ನಾಲ್ಕಕ್ಕೋ ಇಳಿಸುವ ರೂಢಿ ಇಂದು ಹೆಚ್ಚಾಗಿದೆ. ಹಾಗೆ ಬಂದ ವಿನ್ಯಾಸಗಳಲ್ಲಿ ಜೀವ ಕಡಿಮೆ ಎಂಬುದು ನನ್ನ ಖಚಿತ ಅಭಿಪ್ರಾಯ. ಬಣ್ಣ ಇಳಿಯುವ ಜಾಲರಿ, ಬಣ್ಣಗಳ ಸಂಖ್ಯೆ, ಬಟ್ಟೆಯ ಮೇಲೆ ಚಿತ್ರ ಮರುಕಳಿಸುವ ಅಂತರ ಈ ಮೂರೂ ಮೊದಲ ಗೆರೆಯಿಂದಲೇ ಮನಸ್ಸಿನಲ್ಲಿರಬೇಕು. ಅದು ಹೇಗೆಂಬುದನ್ನು ಒಂದು ಹಕ್ಕಿ ಮತ್ತು ಒಂದು ಮರವನ್ನು ಉದಾಹರಣೆಯಾಗಿ ಇಟ್ಟುಕೊಂಡು ಇಲ್ಲಿ ವಿವರಿಸುತ್ತೇನೆ. ಹಕ್ಕಿ ಕೆಮ್ಮೀಸೆ ಪಿಕಳಾರ, ಮರ ಅದು ಆಗಾಗ ಬಂದು ಕೂರುವ ಗಸಗಸೆ ಹಣ್ಣಿನ ಮರ. ಎರಡೂ ಕರ್ನಾಟಕದ ಊರುಕೇರಿಗಳಲ್ಲಿ, ಶಾಲೆಯ ಅಂಗಳಗಳಲ್ಲಿ, ಬೆಂಗಳೂರಿನ ಬೀದಿಬದಿಗಳಲ್ಲಿಯೂ ನೋಡಸಿಗುವಂಥವು.

ಮುದ್ರಣದ ಕ್ರಮ

ಮರದ ಅಥವಾ ಅಲ್ಯೂಮಿನಿಯಂ ಚೌಕಟ್ಟಿಗೆ ಪಾಲಿಯೆಸ್ಟರ್ ಜಾಲರಿಯನ್ನು ಬಿಗಿಯಾಗಿ ಎಳೆದು ಕಟ್ಟಿದರೆ ಅದೇ ಸ್ಕ್ರೀನ್. ಹಿಂದೆ ಈ ಜಾಲರಿ ರೇಷ್ಮೆಯದಾಗಿತ್ತು. ಬೆಳಕು ತಾಗಿದರೆ ಗಟ್ಟಿಯಾಗುವ ಎಮಲ್ಷನ್ ಎಂಬ ಲೇಪವನ್ನು ಮಂದ ಹಳದಿ ಬೆಳಕಿನ ಕೋಣೆಯಲ್ಲಿ ಅದರ ಮೇಲೆ ತೆಳುವಾಗಿ ಹಚ್ಚಿ ಒಣಗಿಸುತ್ತಾರೆ. ಪಾರದರ್ಶಕ ಹಾಳೆಯೊಂದರ ಮೇಲೆ ದಟ್ಟ ಕಪ್ಪಿನಲ್ಲಿ ಬರೆದ ಚಿತ್ರವನ್ನು, ಅಂದರೆ ಅಚ್ಚಿನವರು ಪಾಸಿಟಿವ್ ಎಂದು ಕರೆಯುವುದನ್ನು, ಒಣಗಿದ ಲೇಪಕ್ಕೆ ಒತ್ತಿಟ್ಟು ಬೆಳಕಿಗೆ ಒಡ್ಡುತ್ತಾರೆ. ಕಪ್ಪು ಗೆರೆಯ ಅಡಿಯಲ್ಲಿ ಬೆಳಕು ತಾಗದ ಲೇಪ ಮೆತ್ತಗೇ ಉಳಿದು ನೀರಿಗೆ ತೊಳೆದುಹೋಗುತ್ತದೆ, ಉಳಿದೆಡೆ ಗಟ್ಟಿಯಾಗಿ ಜಾಲರಿಯ ಕಣ್ಣುಗಳನ್ನು ಮುಚ್ಚುತ್ತದೆ. ಸ್ಕ್ರೀನನ್ನು ಬಟ್ಟೆಯ ಮೇಲಿಟ್ಟು, ಒಂದು ಬದಿಗೆ ಬಣ್ಣ ಸುರಿದು, ಸ್ಕ್ವೀಜಿ ಎಂಬ ರಬ್ಬರ್ ಅಂಚಿನ ಪಟ್ಟಿಯಿಂದ ಎಳೆದಾಗ ತೆರೆದ ಕಣ್ಣುಗಳ ಮೂಲಕ ಮಾತ್ರ ಬಣ್ಣ ಬಟ್ಟೆಗೆ ಇಳಿಯುತ್ತದೆ. ಒಂದು ಬಣ್ಣಕ್ಕೆ ಒಂದು ಸ್ಕ್ರೀನ್ ಬೇಕು. ನಮ್ಮ ಊರುಗಳಲ್ಲಿ ಲಗ್ನಪತ್ರಿಕೆ, ಬಟ್ಟೆಯ ಕೈಚೀಲ, ಕ್ರೀಡಾಕೂಟದ ಟೀ ಶರ್ಟುಗಳನ್ನು ಅಚ್ಚು ಹಾಕುವ ಸಣ್ಣ ಅಂಗಡಿಗಳಲ್ಲಿ ನಡೆಯುವುದೂ ಇದೇ ಕೆಲಸ. ಎಮಲ್ಷನ್ ಬೆಳಕಿಗೆ ಗಟ್ಟಿಯಾಗಲೆಂದು ಅದಕ್ಕೆ ಬೈಕ್ರೋಮೇಟ್ ಎಂಬ ರಾಸಾಯನಿಕ ಬೆರೆಸುವ ಹಳೆಯ ಪದ್ಧತಿ ಕೆಲವೆಡೆ ಇನ್ನೂ ಇದೆ. ಅದರಲ್ಲಿರುವ ಕ್ರೋಮಿಯಂ ಚರ್ಮಕ್ಕೂ ಶ್ವಾಸಕೋಶಕ್ಕೂ ಹಾನಿಕರ, ಕ್ಯಾನ್ಸರ್‌ಕಾರಕವೂ ಹೌದು. ಆದ್ದರಿಂದ ಕೈಗವಸಿಲ್ಲದೆ ಅದನ್ನು ಮುಟ್ಟಬಾರದು, ಆ ನೀರನ್ನು ಚರಂಡಿಗೆ ಬಿಡಬಾರದು.

ಈ ವಿಧಾನದ ಹಿಂದೆ ಕತ್ತರಿಸಿದ ಅಚ್ಚುಹಾಳೆಗಳ ದೀರ್ಘ ಇತಿಹಾಸವಿದೆ. ಜಪಾನಿನಲ್ಲಿ ಬಟ್ಟೆಗೆ ಬಣ್ಣ ಹಾಕಲು ಬಳಸುತ್ತಿದ್ದ ಕಟಗಾಮಿ ಎಂಬ ಅಚ್ಚುಗಳನ್ನು, ಹಿಪ್ಪುನೇರಳೆ ಜಾತಿಯ ಗಿಡದ ನಾರಿನ ಕಾಗದವನ್ನು ಪರ್ಸಿಮನ್ ಕಾಯಿಯ ಒಗರು ರಸದಿಂದ ಪದರಪದರವಾಗಿ ಅಂಟಿಸಿ, ನೀರು ತಡೆಯುವಂತೆ ಮಾಡಿ, ಚೂಪಾದ ಅಲಗಿನಿಂದ ಕೊರೆದು ತಯಾರಿಸುತ್ತಿದ್ದರು. ಕಾಗದ ಕೊರೆಯುವ ಅಚ್ಚಿನಲ್ಲಿ ಒಂದು ತೊಡಕಿದೆ. ಉಂಗುರದ ಆಕಾರವನ್ನು ಕತ್ತರಿಸಿದರೆ ನಡುವಿನ ತುಂಡು ಹಿಡಿದುಕೊಳ್ಳಲು ಆಸರೆಯಿಲ್ಲದೆ ಉದುರಿಬೀಳುತ್ತದೆ. ಅದನ್ನು ಸುತ್ತಲಿನ ಕಾಗದಕ್ಕೆ ಸಣ್ಣ ಸೇತುವೆಗಳಿಂದ ಕಟ್ಟಿಹಾಕಲೇಬೇಕು. ಜಪಾನಿನ ಕುಶಲಿಗಳು ಸೂಕ್ಷ್ಮ ರೇಷ್ಮೆ ಎಳೆಗಳನ್ನು ಎರಡು ಕಾಗದಗಳ ನಡುವೆ ಹಾಯಿಸಿ ಇಂಥ ತುಂಡುಗಳನ್ನು ಹಿಡಿದಿಟ್ಟರು. ಇಡೀ ಅಚ್ಚನ್ನೇ ಒಂದು ಜಾಲರಿಗೆ ಅಂಟಿಸಿದರೆ ಸೇತುವೆಗಳ ಅಗತ್ಯವೇ ಇರುವುದಿಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಸ್ಯಾಮ್ಯುಯೆಲ್ ಸೈಮನ್ 1907ರಲ್ಲಿ ರೇಷ್ಮೆ ಜಾಲರಿಯ ಮುದ್ರಣಕ್ಕೆ ಪೇಟೆಂಟ್ ಪಡೆದರು. ಹಕ್ಕಿಯ ಚಿತ್ರ ಬರೆಯುವವರಿಗೆ ಇದರಿಂದ ಆಗಿರುವ ಲಾಭ ದೊಡ್ಡದು: ಕಪ್ಪು ತಲೆಯ ನಡುವೆ ಕಣ್ಣಿನ ಬಿಳಿ ಚುಕ್ಕೆ ಯಾವ ಆಸರೆಯೂ ಇಲ್ಲದೆ ನಿಲ್ಲಬಲ್ಲದು.

ನೋಡಿ ಬರೆಯುವುದು, ಬಿಟ್ಟು ಬರೆಯುವುದು

ಕೆಮ್ಮೀಸೆ ಪಿಕಳಾರವನ್ನು ಆರಿಸಿಕೊಂಡದ್ದಕ್ಕೆ ಕಾರಣ ಅದರ ಮೈಬಣ್ಣದ ಹಂಚಿಕೆ. ತಲೆ ಮತ್ತು ಜುಟ್ಟು ಅಚ್ಚ ಕಪ್ಪು. ಬೆನ್ನು, ರೆಕ್ಕೆ, ಬಾಲ ಕಂದು. ಹೊಟ್ಟೆ ಮತ್ತು ಕೆನ್ನೆ ಬಿಳಿ. ಕೆನ್ನೆಯ ಬಿಳಿಯ ಕೆಳಗಂಚಿನಲ್ಲಿ ತೆಳುವಾದೊಂದು ಕಪ್ಪು ಗೆರೆ. ಕಣ್ಣಿನ ಹಿಂದೆ, ತುಸು ಕೆಳಗೆ, ಹೆಸರಿಗೆ ಕಾರಣವಾದ ಕೆಂಪು ಮಚ್ಚೆ. ಬಾಲದ ಬುಡದ ಅಡಿಯಲ್ಲಿ ಅದೇ ಕೆಂಪು ಇನ್ನೊಮ್ಮೆ. ಭುಜದ ಕಡೆಯಿಂದ ಎದೆಗೆ ಇಳಿಯುವ ಕಂದು ಪಟ್ಟಿ ಬಿಳಿ ಹೊಟ್ಟೆಗೆ ಅಂಚು ಕಟ್ಟಿದಂತಿರುತ್ತದೆ. ಬಿಳಿಯನ್ನು ಬಟ್ಟೆಗೇ ಬಿಟ್ಟರೆ ಉಳಿಯುವುದು ಕಪ್ಪು, ಕಂದು, ಕೆಂಪು, ಅಂದರೆ ಮೂರೇ ಸ್ಕ್ರೀನ್. ಎಲ್ಲ ಪ್ರಾಣಿಗಳೂ ಇಷ್ಟು ಉದಾರವಾಗಿರುವುದಿಲ್ಲ. ಮಿಂಚುಳ್ಳಿಯ ಬೆನ್ನಿನ ನೀಲಿ ಬೆಳಕಿನ ಕೋನಕ್ಕೆ ತಕ್ಕಂತೆ ಬದಲಾಗುತ್ತದೆ. ಚಿರತೆಯ ಮೈಯಲ್ಲಿ ಹಳದಿ ಎಲ್ಲಿ ಮುಗಿದು ಬಿಳಿ ಎಲ್ಲಿ ಶುರುವಾಗುತ್ತದೆಂದು ಹೇಳಲಾಗದು. ಹೊಸದಾಗಿ ಕಲಿಯುವವರು ಬಣ್ಣದ ಗಡಿಗಳು ಸ್ಪಷ್ಟವಾಗಿರುವ ಜೀವಿಯಿಂದ ಆರಂಭಿಸುವುದು ಒಳ್ಳೆಯದು.

ಹಕ್ಕಿ ಒಂದೆಡೆ ನಿಲ್ಲುವುದಿಲ್ಲ, ಆದ್ದರಿಂದ ಮೊದಲ ಚಿತ್ರಗಳು ಅರ್ಧ ನಿಮಿಷದೊಳಗಿನ ಗೆರೆಗಳಾಗಿರಬೇಕು: ಬೆನ್ನಿನ ಇಳಿಜಾರು, ಬಾಲದ ಕೋನ, ಕುತ್ತಿಗೆ ಯಾವ ಕಡೆ ತಿರುಗಿದೆ ಎಂಬುದು, ಜುಟ್ಟು ನೆಟ್ಟಗಿದೆಯೋ ಒರಗಿದೆಯೋ ಎಂಬುದು. ಇವುಗಳಲ್ಲಿ ವಿವರ ಇರುವುದಿಲ್ಲ, ಆದರೆ ನಿಲುವು ಇರುತ್ತದೆ. ನಿಲುವು ಛಾಯಾಚಿತ್ರದಿಂದ ಅಷ್ಟು ಸುಲಭವಾಗಿ ದಕ್ಕುವುದಿಲ್ಲ. ಛಾಯಾಚಿತ್ರವನ್ನು ಕಾಲಿನ ಬೆರಳುಗಳ ಜೋಡಣೆಯಂಥ ವಿವರಗಳನ್ನು ಪರಿಶೀಲಿಸಲು ಇಟ್ಟುಕೊಳ್ಳಬಹುದು. ಬೇರೊಬ್ಬರು ತೆಗೆದ ಚಿತ್ರದ ಮೇಲೆ ಹಾಳೆಯಿಟ್ಟು ತಿದ್ದಿ ಅದನ್ನು ಅನುಮತಿಯಿಲ್ಲದೆ ಮಾರಾಟದ ಬಟ್ಟೆಗೆ ಹಾಕುವುದು ಮಾತ್ರ ಆ ಛಾಯಾಗ್ರಾಹಕರ ಹಕ್ಕಿನ ಉಲ್ಲಂಘನೆ.

ಮುಂದಿನ ಹಂತ ಆಕಾರದ ಪರೀಕ್ಷೆ. ಆಯ್ದ ಚಿತ್ರಗಳ ಹೊರರೇಖೆಯನ್ನು ಮಾತ್ರ ತೆಗೆದು, ಒಳಗೆಲ್ಲ ಕಪ್ಪು ತುಂಬಿ, ಗೋಡೆಗೆ ಅಂಟಿಸಿ ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಬೇಕು. ಪಿಕಳಾರ ಎದುರಿಗೆ ಮುಖ ಮಾಡಿ ಕುಳಿತ ಭಂಗಿಯಲ್ಲಿ ಕಪ್ಪು ಉಂಡೆಯಂತೆ ಕಾಣುತ್ತದೆ. ಪಕ್ಕಕ್ಕೆ ತಿರುಗಿ ಕುಳಿತಾಗ ಚೂಪು ಜುಟ್ಟು, ಗಿಡ್ಡ ಕೊಕ್ಕು, ಉದ್ದ ಬಾಲ ಮೂರೂ ಹೊರಗೆ ಚಾಚಿ ಹಕ್ಕಿಯ ಗುರುತು ಹೇಳುತ್ತವೆ. ಆದ್ದರಿಂದ ಮೊದಲನೆಯ ಭಂಗಿಯನ್ನು, ಅದು ಕಾಗದದ ಮೇಲೆ ಎಷ್ಟೇ ಮುದ್ದಾಗಿದ್ದರೂ, ಬದಿಗಿಡಬೇಕು. ಎರಡನೆಯದರಲ್ಲಿ ಕೂಡ ಜುಟ್ಟನ್ನು ಕಣ್ಣಿಗೆ ಕಂಡದ್ದಕ್ಕಿಂತ ತುಸು ಉದ್ದ ಮಾಡುವುದು, ಕಾಲುಗಳನ್ನು ತುಸು ದಪ್ಪ ಮಾಡುವುದು ತಪ್ಪಲ್ಲ, ಏಕೆಂದರೆ ಬಟ್ಟೆಯಲ್ಲಿ ಬಣ್ಣ ಹರಡಿ ಚೂಪು ತುದಿಗಳು ಮೊಂಡಾಗುತ್ತವೆ. ಬಾಲದ ಬುಡ ಮಾತ್ರ ಕೆಂಪಾಗಿರುವ, ಕೆನ್ನೆಯಲ್ಲಿ ಬಿಳಿ ಇಲ್ಲದ ಇನ್ನೊಂದು ಪಿಕಳಾರವೂ ನಮ್ಮಲ್ಲಿ ಸಾಮಾನ್ಯ. ಅದರಿಂದ ಇದನ್ನು ಬೇರ್ಪಡಿಸುವುದು ಜುಟ್ಟಿನ ಚೂಪು ಮತ್ತು ಕೆನ್ನೆಯ ಬಿಳಿ. ಹಾಗಾಗಿ ಏನನ್ನು ಬಿಟ್ಟರೂ ಇವೆರಡನ್ನು ಬಿಡುವಂತಿಲ್ಲ. ರೆಕ್ಕೆಯ ಪ್ರತಿ ಗರಿಯನ್ನೂ ಬರೆಯಬೇಕಿಲ್ಲ, ನಾಲ್ಕೈದು ಗೆರೆ ಸಾಕು.

ಹೀಗೆ ಬಿಟ್ಟು ಬರೆಯುವ ಕಲೆಗೆ ನಮ್ಮಲ್ಲಿಯೇ ಗಟ್ಟಿ ಪರಂಪರೆಗಳಿವೆ. ಧಾರವಾಡ ಸೀಮೆಯ ಕಸೂತಿಯಲ್ಲಿ ಬಟ್ಟೆಯ ಎಳೆಗಳನ್ನು ಎಣಿಸಿ ಹೊಲಿಯುವುದರಿಂದ ಗೆರೆ ಅಡ್ಡ, ಉದ್ದ, ಓರೆ ಈ ಮೂರೇ ದಿಕ್ಕಿನಲ್ಲಿ ಚಲಿಸಬಲ್ಲದು. ಗವಂತಿ, ಮುರಗಿ ಹೊಲಿಗೆಗಳಲ್ಲಿ ಮೂಡುವ ನವಿಲಿಗೂ ಆನೆಗೂ ಒಂದೇ ಒಂದು ಬಾಗಿದ ಗೆರೆ ಇರುವುದಿಲ್ಲ. ಆದರೂ ಕತ್ತಿನ ಉದ್ದ, ಗರಿಯ ಹರವು, ಸೊಂಡಿಲಿನ ತಿರುವು ಮೆಟ್ಟಿಲುಗಳಾಗಿ ಮಾರ್ಪಟ್ಟು ಗುರುತು ಕೊಡುತ್ತವೆ. ಕಸೂತಿಯ ನವಿಲನ್ನು ಹಾಗೆಯೇ ಎತ್ತಿ ಸ್ಕ್ರೀನಿಗೆ ಹಾಕುವುದನ್ನು ನಾನು ಒಪ್ಪುವುದಿಲ್ಲ. ಆ ಮೆಟ್ಟಿಲು ಗೆರೆ ಹುಟ್ಟಿದ್ದು ಎಳೆ ಎಣಿಸುವ ಸೂಜಿಯಿಂದ, ಸ್ಕ್ರೀನಿಗೆ ಅಂಥ ನಿರ್ಬಂಧವಿಲ್ಲ. ಕಲಿಯಬೇಕಾದದ್ದು ಅವರು ಯಾವುದನ್ನು ಉಳಿಸಿಕೊಂಡರು ಎಂಬುದನ್ನು.

ಗಸಗಸೆ ಮರದ ಟೊಂಗೆಗೂ ಇದೇ ಗಮನ ಸಲ್ಲಬೇಕು. ಹಕ್ಕಿಯನ್ನು ಶ್ರದ್ಧೆಯಿಂದ ಬರೆದು, ಅದು ಕುಳಿತ ಟೊಂಗೆಗೆ ಯಾವುದೋ ಎಲೆ ಜೋಡಿಸಿರುವ ವಿನ್ಯಾಸಗಳನ್ನು ನೋಡಿದಾಗ ಬೇಸರವಾಗುತ್ತದೆ. ಈ ಮರದ ಎಲೆಗಳು ಟೊಂಗೆಯ ಎರಡೂ ಬದಿಗೆ ಒಂದು ಬಿಟ್ಟು ಒಂದರಂತೆ ಒಂದೇ ಸಮತಲದಲ್ಲಿ ಚಾಚುತ್ತವೆ, ಅಂಚು ಗರಗಸದಂತೆ, ತೊಟ್ಟಿನ ಬಳಿ ಎಲೆಯ ಎರಡು ಅರ್ಧಗಳು ಸಮನಾಗಿರುವುದಿಲ್ಲ, ಒಂದು ಬದಿ ಕೆಳಗಿಳಿದಿರುತ್ತದೆ. ಐದು ಎಸಳಿನ ಬಿಳಿ ಹೂ ಮೇಲ್ಮುಖವಾಗಿ ಅರಳುತ್ತದೆ, ಹಣ್ಣು ಎಲೆಯ ಕೆಳಗೆ ಜೋತುಬೀಳುತ್ತದೆ. ಮಾಗಿದ ಹಣ್ಣಿನ ಬಣ್ಣ ಕೆಂಪು. ಹೂವಿನ ಬಿಳಿ ಹಕ್ಕಿಯ ಹೊಟ್ಟೆಯ ಬಿಳಿಯಂತೆ ಬಟ್ಟೆಯದೇ, ಹಣ್ಣಿನ ಕೆಂಪು ಹಕ್ಕಿಯ ಮಚ್ಚೆಯ ಕೆಂಪೇ. ಹಕ್ಕಿಗೆ ತಯಾರಿಸಿದ ಸ್ಕ್ರೀನುಗಳಲ್ಲಿಯೇ ಮರವೂ ಮೂಡುತ್ತದೆ. ಎಲೆಗೆ ಹಸಿರು ಬೇಕೆಂದರೆ ನಾಲ್ಕನೆಯ ಸ್ಕ್ರೀನ್ ಮಾಡಬೇಕು; ಬೆನ್ನಿನ ಕಂದಿನಲ್ಲೇ ಎಲೆಯನ್ನೂ ಮುದ್ರಿಸಿದರೆ ವಿನ್ಯಾಸಕ್ಕೆ ಬರುವ ಒಗ್ಗಟ್ಟು ನನಗೆ ಹೆಚ್ಚು ಪ್ರಿಯ.

ಗೆರೆಯ ದಪ್ಪ ಮತ್ತು ಜಾಲರಿಯ ಲೆಕ್ಕ

ಬಟ್ಟೆಯ ಕೆಲಸಕ್ಕೆ ಹೆಚ್ಚಾಗಿ ಬಳಸುವ ಜಾಲರಿಯಲ್ಲಿ ಒಂದು ಸೆಂಟಿಮೀಟರಿಗೆ 43 ಎಳೆಗಳಿರುತ್ತವೆ. ಇನ್ನೂ ನಯವಾದ ಕೆಲಸಕ್ಕೆ 55, ಕಾಗದದ ಮೇಲಿನ ಸೂಕ್ಷ್ಮ ಮುದ್ರಣಕ್ಕೆ 77 ಅಥವಾ ಅದಕ್ಕಿಂತ ಹೆಚ್ಚು ಎಳೆಯ ಜಾಲರಿ ಬೇಕು. 43 ಎಳೆಯ ಜಾಲರಿಯಲ್ಲಿ ಒಂದು ಎಳೆಯಿಂದ ಮುಂದಿನ ಎಳೆಗೆ ಇರುವ ದೂರ ಸುಮಾರು 0.23 ಮಿಲಿಮೀಟರ್. ಚಿತ್ರದ ಒಂದು ಗೆರೆ ಅಷ್ಟೇ ತೆಳುವಾಗಿದ್ದರೆ ಅದು ಎಳೆಯ ಮೇಲೆಯೇ ಬಿದ್ದು ಮುಚ್ಚಿಹೋಗಬಹುದು, ಇಲ್ಲವೇ ತುಂಡುತುಂಡಾಗಿ ಮೂಡಬಹುದು. ಗೆರೆ ಕನಿಷ್ಠ ಎರಡು ಮೂರು ಎಳೆಗಳನ್ನು ದಾಟುವಷ್ಟು, ಅಂದರೆ ಅರ್ಧ ಮಿಲಿಮೀಟರಿನಿಂದ ಮುಕ್ಕಾಲು ಮಿಲಿಮೀಟರಿನಷ್ಟು ದಪ್ಪವಿದ್ದರೆ ಮಾತ್ರ ಅದನ್ನು ನೆಚ್ಚಬಹುದು. ಗೆರೆಗಳ ನಡುವಿನ ಖಾಲಿ ಜಾಗಕ್ಕೆ ಇನ್ನೂ ಸ್ವಲ್ಪ ಹೆಚ್ಚು ಬಿಡಬೇಕು, ಏಕೆಂದರೆ ಬಣ್ಣ ಹತ್ತಿಯ ನೂಲಿನಲ್ಲಿ ಪಕ್ಕಕ್ಕೆ ಹರಡುತ್ತದೆ. ಪಿಕಳಾರದ ಕೆನ್ನೆಯ ಕೆಳಗಿನ ಕಪ್ಪು ಗೆರೆಯನ್ನು ಈ ಲೆಕ್ಕದಲ್ಲಿ ನೋಡಿದರೆ, ಹಕ್ಕಿ ಹತ್ತು ಸೆಂಟಿಮೀಟರ್ ಉದ್ದವಿದ್ದಾಗ ಅದು ಸಲೀಸಾಗಿ ಮೂಡುತ್ತದೆ. ಅದೇ ಚಿತ್ರವನ್ನು ಮೂರು ಸೆಂಟಿಮೀಟರಿಗೆ ಕುಗ್ಗಿಸಿದರೆ ಗೆರೆ ಮಾಯವಾಗಿ, ಕೆಂಪು ಮಚ್ಚೆ ಕಪ್ಪಿಗೆ ಅಂಟಿಕೊಂಡು, ಬಿಳಿ ಕೆನ್ನೆ ಮುಚ್ಚಿಹೋಗುತ್ತದೆ. ಆದ್ದರಿಂದ ಸೀರೆಯ ಒಡಲಿಗೆ ಸಣ್ಣ ಬುಟ್ಟಾ, ಸೆರಗಿಗೆ ದೊಡ್ಡ ಹಕ್ಕಿ ಬೇಕೆನ್ನುವಾಗ ಒಂದೇ ಚಿತ್ರವನ್ನು ಹಿಗ್ಗಿಸಿ ಕುಗ್ಗಿಸಬಾರದು. ಎರಡು ಅಳತೆಗೆ ಎರಡು ಚಿತ್ರ ಬರೆಯಬೇಕು. ಸಣ್ಣದರಲ್ಲಿ ಕೆನ್ನೆಯ ಗೆರೆಯನ್ನು ಪೂರ್ತಿ ಬಿಟ್ಟು, ಬಿಳಿಯನ್ನೂ ಮಚ್ಚೆಯನ್ನೂ ದೊಡ್ಡದು ಮಾಡಿದರೆ ಹಕ್ಕಿ ಉಳಿಯುತ್ತದೆ.

ಛಾಯೆಯ ಪ್ರಶ್ನೆಗೂ ಉತ್ತರ ಇಲ್ಲಿಯೇ ಇದೆ. ಕಂದು ಬೆನ್ನು ಹೊಟ್ಟೆಯ ಕಡೆಗೆ ತಿಳಿಯಾಗುವುದನ್ನು ತೋರಿಸಲು ಹಾಫ್‌ಟೋನ್ ಎಂಬ ಸಣ್ಣ ದೊಡ್ಡ ಚುಕ್ಕೆಗಳ ಕ್ರಮವನ್ನು ಬಳಸಬಹುದು. ಪತ್ರಿಕೆಗಳಲ್ಲಿ ಚಿತ್ರ ಅಚ್ಚಾಗುವುದು ಹಾಗೆ. ಆದರೆ ಚುಕ್ಕೆಗಳ ಸಾಲಿಗಿಂತ ಜಾಲರಿಯ ಎಳೆ ನಾಲ್ಕೈದು ಪಟ್ಟು ದಟ್ಟವಾಗಿರಬೇಕೆಂಬ ರೂಢಿಯ ಲೆಕ್ಕದಂತೆ 43 ಎಳೆಯ ಜಾಲರಿಗೆ ಇಂಚಿಗೆ ಸುಮಾರು 25 ಸಾಲು ಮಾತ್ರ ಸಾಧ್ಯ, ಅಂದರೆ ಚುಕ್ಕೆಗಳು ಒಂದೊಂದು ಮಿಲಿಮೀಟರ್ ದೂರದಲ್ಲಿ ಎದ್ದು ಕಾಣುತ್ತವೆ. ಚುಕ್ಕೆಸಾಲಿನ ಕೋನವನ್ನು ಜಾಲರಿಯ ಕೋನ ನೋಡಿಕೊಂಡು ಆರಿಸದಿದ್ದರೆ ಬೇಡದ ಅಲೆಅಲೆಯ ಗುರುತೂ ಬೀಳುತ್ತದೆ. ಅದಕ್ಕಿಂತ ಒಣ ಕುಂಚವನ್ನು ಗರಿ ಬೆಳೆದ ದಿಕ್ಕಿನಲ್ಲೇ ಎಳೆದು ಬರುವ ಬಿರುಕು ಗೆರೆಗಳು, ಅಥವಾ ದಪ್ಪದಿಂದ ತೆಳುವಿಗೆ ಹೋಗುವ ಗೀಟುಗಳು ಛಾಯೆಯನ್ನೂ ಗರಿಯ ಮೃದುತನವನ್ನೂ ಒಟ್ಟಿಗೆ ಹೇಳುತ್ತವೆ. ಪಾಸಿಟಿವ್ ಹಾಳೆಯ ಮೇಲೆ ನೇರವಾಗಿ ದಟ್ಟ ಕಪ್ಪಿನಿಂದ ಕೈಯಲ್ಲಿ ಬರೆದಾಗ ಇವು ಅತ್ಯಂತ ಚೆನ್ನಾಗಿ ಬರುತ್ತವೆ. ರೆಕ್ಕೆಯ ಗರಿಗಳನ್ನು ಕಪ್ಪು ಗೆರೆಯಿಂದ ಬರೆಯುವ ಬದಲು ಕಂದಿನ ನಡುವೆ ಬಿಳಿ ಗೆರೆಯಾಗಿ ಬಿಟ್ಟು ತೋರಿಸಿದರೆ ಚಿತ್ರ ಇನ್ನಷ್ಟು ಹಗುರಾಗುತ್ತದೆ.

ಬಣ್ಣಗಳನ್ನು ಬೇರ್ಪಡಿಸುವುದು

ಮೂರು ಬಣ್ಣಕ್ಕೆ ಮೂರು ಹಾಳೆ ಬೇಕು. ಪ್ರತಿಯೊಂದರಲ್ಲೂ ಆಯಾ ಬಣ್ಣ ಇಳಿಯಬೇಕಾದ ಭಾಗವನ್ನಷ್ಟೇ ಕಪ್ಪಿನಲ್ಲಿ ಬರೆದು, ಮೂರರಲ್ಲೂ ಒಂದೇ ಜಾಗದಲ್ಲಿ ಅಡ್ಡಗೂಡಿದ ಗುರುತುಗಳನ್ನು ಹಾಕಬೇಕು. ಮುದ್ರಿಸುವಾಗ ಒಂದು ಬಣ್ಣದ ಮೇಲೆ ಇನ್ನೊಂದನ್ನು ಕೂರಿಸಲು ಇವೇ ಆಧಾರ. ಸಾಮಾನ್ಯವಾಗಿ ತಿಳಿ ಬಣ್ಣ ಮೊದಲು, ಗಾಢ ಬಣ್ಣ ಕೊನೆಗೆ: ಇಲ್ಲಿ ಕೆಂಪು, ಆಮೇಲೆ ಕಂದು, ಕೊನೆಯಲ್ಲಿ ಕಪ್ಪು. ಎರಡು ಬಣ್ಣ ತಾಗುವ ಕಡೆ ಗಡಿಗೆ ಗಡಿ ಕರಾರುವಾಕ್ಕಾಗಿ ಕೂಡಿಸಲು ಹೊರಟರೆ, ಬಟ್ಟೆ ಕೂದಲೆಳೆಯಷ್ಟು ಸರಿದರೂ ನಡುವೆ ಬಿಳಿ ಬಿರುಕು ಕಾಣುತ್ತದೆ. ಇದನ್ನು ತಪ್ಪಿಸಲು ಮೊದಲು ಬೀಳುವ ಬಣ್ಣವನ್ನು ಅರ್ಧ ಮಿಲಿಮೀಟರಿನಷ್ಟು ಹಿಗ್ಗಿಸಿ, ನಂತರದ ಗಾಢ ಬಣ್ಣದ ಅಡಿಗೆ ಸೇರಿಸುತ್ತಾರೆ. ಕೆಂಪು ಮಚ್ಚೆಯ ಮೇಲಂಚು ಕಪ್ಪು ತಲೆಯ ಅಡಿಗೆ ಹೀಗೆ ಹೋಗಬೇಕು. ಅದರ ಕೆಳಗಂಚು ಬಿಳಿ ಕೆನ್ನೆಗೆ ತಾಗುವುದರಿಂದ ಅಲ್ಲಿ ಹಿಗ್ಗಿಸುವ ಅಗತ್ಯವಿಲ್ಲ. ಕತ್ತಿನ ಹಿಂಭಾಗದಲ್ಲಿ ಕಂದು ಕಪ್ಪಿನ ಕೆಳಗೆ ಹೋಗುತ್ತದೆ. ಬಿಳಿ ಬಟ್ಟೆಗೆ ಬಳಸುವ ಪಿಗ್ಮೆಂಟ್ ಬಣ್ಣಗಳು ಸಾಮಾನ್ಯವಾಗಿ ತುಸು ಪಾರದರ್ಶಕ. ಕೆಂಪಿನ ಮೇಲೆ ಕಂದು ಬಿದ್ದಲ್ಲಿ ಕಾಯಿ ಹಣ್ಣಾಗುವ ಹೊತ್ತಿನ ಗಾಢವಾದ ಮೂರನೆಯ ಛಾಯೆ ಹುಟ್ಟುತ್ತದೆ. ಇದನ್ನು ತಿಳಿದು ಬಳಸಿದರೆ ಮೂರು ಸ್ಕ್ರೀನಿನಿಂದ ನಾಲ್ಕು ಬಣ್ಣ ಪಡೆಯಬಹುದು.

ಬಟ್ಟೆಯನ್ನು ಮುದ್ರಣಕ್ಕೆ ಮೊದಲೇ ಒಗೆಯಬೇಕು. ಮಗ್ಗದಿಂದ ಬಂದ ಹತ್ತಿ ಬಟ್ಟೆಯಲ್ಲಿ ಗಂಜಿ ಇರುತ್ತದೆ, ಅದು ಬಣ್ಣ ನೂಲಿಗೆ ಹಿಡಿಯದಂತೆ ತಡೆಯುತ್ತದೆ. ಆಮೇಲೆ ಬಟ್ಟೆ ಕುಗ್ಗಿದರೆ ಹಕ್ಕಿಯ ಅಳತೆಯೂ ಅದರೊಂದಿಗೆ ಕುಗ್ಗುತ್ತದೆ.

ಒಂದು ಚಿತ್ರ ಮರುಕಳಿಸುವಾಗ

ಚೀಲದ ಮೇಲೆ ಒಂದೇ ಹಕ್ಕಿ ಮುದ್ರಿಸುವುದಾದರೆ ಕೆಲಸ ಇಲ್ಲಿಗೆ ಬಹುಪಾಲು ಮುಗಿಯಿತು. ಮೀಟರುಗಟ್ಟಲೆ ಬಟ್ಟೆಗೆ ಹಾಕುವುದಾದರೆ ನಿಜವಾದ ಕಷ್ಟ ಈಗ ಶುರುವಾಗುತ್ತದೆ, ಏಕೆಂದರೆ ಒಂದು ಚೌಕದಲ್ಲಿ ಚೆನ್ನಾಗಿ ಕಂಡದ್ದು ಇಪ್ಪತ್ತು ಸಲ ಅಕ್ಕಪಕ್ಕ ಬಂದಾಗ ಯಾರೂ ಬರೆಯದ ಹೊಸ ಆಕಾರಗಳು ಹುಟ್ಟಿಕೊಳ್ಳುತ್ತವೆ. ಎಲ್ಲ ಹಕ್ಕಿಗಳ ಕಪ್ಪು ತಲೆಗಳು ಸೇರಿ ಓರೆಯಾದ ಪಟ್ಟೆಯಾಗಬಹುದು. ಟೊಂಗೆಗಳ ನಡುವಿನ ಖಾಲಿ ಜಾಗಗಳು ಕೂಡಿ ಬಟ್ಟೆಯುದ್ದಕ್ಕೂ ಬಿಳಿ ಕಾಲುವೆ ಹರಿಯಬಹುದು.

ಮರುಕಳಿಸುವ ಚೌಕವನ್ನು ಕೈಯಲ್ಲೇ ಸಿದ್ಧಪಡಿಸುವ ಹಳೆಯ ಉಪಾಯ ಇವತ್ತಿಗೂ ಅತ್ಯುತ್ತಮ. 32 ಸೆಂಟಿಮೀಟರ್ ಚೌಕದ ಕಾಗದದ ನಡುಭಾಗದಲ್ಲಿ, ಅಂಚುಗಳಿಗೆ ತಾಗದಂತೆ, ಹಕ್ಕಿ ಮತ್ತು ಟೊಂಗೆಗಳನ್ನು ಬರೆಯಬೇಕು. ಕಾಗದವನ್ನು ಮಧ್ಯದಲ್ಲಿ ಉದ್ದಕ್ಕೆ ಕತ್ತರಿಸಿ, ಎಡದ ತುಂಡನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಬದಲಿಸಿ ಅಂಟಿಸಿದರೆ ಹೊರಗಿದ್ದ ಖಾಲಿ ಅಂಚುಗಳು ಈಗ ನಡುವೆ ಬಂದಿರುತ್ತವೆ; ಆ ಖಾಲಿಯನ್ನು ಎಲೆ, ಹೂ, ಹಣ್ಣುಗಳಿಂದ ತುಂಬಬೇಕು. ಆಮೇಲೆ ಅಡ್ಡಕ್ಕೆ ಕತ್ತರಿಸಿ ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಇಟ್ಟು ಮತ್ತೆ ತುಂಬಬೇಕು. ಈಗ ಚೌಕದ ನಾಲ್ಕೂ ಬದಿ ತನ್ನದೇ ಪ್ರತಿಯ ಎದುರು ಬದಿಗೆ ಸರಿಯಾಗಿ ಕೂಡಿಕೊಳ್ಳುತ್ತದೆ. ಇದು ನೇರ ಮರುಕಳಿಕೆ. ಪಕ್ಕದ ಸಾಲನ್ನು ಅರ್ಧ ಚೌಕದಷ್ಟು, ಅಂದರೆ 16 ಸೆಂಟಿಮೀಟರ್ ಕೆಳಗೆ ಇಳಿಸಿ ಜೋಡಿಸುವುದಕ್ಕೆ ಹಾಫ್ ಡ್ರಾಪ್ ಎನ್ನುತ್ತಾರೆ. ಅಡ್ಡಸಾಲು ಒಡೆದು ಓರೆಯಾಗುವುದರಿಂದ ಕಣ್ಣು ಒಂದೇ ಹಕ್ಕಿಯನ್ನು ಮತ್ತೆ ಮತ್ತೆ ಹಿಡಿಯುವುದು ಕಷ್ಟವಾಗುತ್ತದೆ. ಹಕ್ಕಿ ಮತ್ತು ಬಳ್ಳಿಯ ವಿನ್ಯಾಸಗಳಿಗೆ ಇದು ಬಹಳ ಒಗ್ಗುತ್ತದೆ.

32 ಎಂಬ ಅಂಕಿಗೆ ಕಾರಣವಿದೆ. ಗಿರಣಿಗಳಲ್ಲಿ ಬಳಸುವ ಉರುಳೆಯಾಕಾರದ ರೋಟರಿ ಸ್ಕ್ರೀನಿನ ಸುತ್ತಳತೆ ಸಾಮಾನ್ಯವಾಗಿ 64 ಸೆಂಟಿಮೀಟರ್. ಬಟ್ಟೆಯ ಉದ್ದದ ದಿಕ್ಕಿನಲ್ಲಿ ಚೌಕದ ಅಳತೆ 64, 32 ಅಥವಾ 16 ಇದ್ದರೆ ಅದು ಉರುಳೆಯ ಸುತ್ತ ಶೇಷವಿಲ್ಲದೆ ಕೂರುತ್ತದೆ. ಇಂದು ಕೈಯಿಂದ ಮುದ್ರಿಸುವ ವಿನ್ಯಾಸ ನಾಳೆ ಗಿರಣಿಗೆ ಹೋಗುವುದಾದರೆ ಮತ್ತೆ ಬರೆಯಬೇಕಾಗುವುದಿಲ್ಲ. ಕೈಮುದ್ರಣದಲ್ಲಿ ಉದ್ದನೆಯ ಮೇಜಿನ ಬದಿಗಿರುವ ಕಂಬಿಗೆ ಚೌಕದ ಅಳತೆಗೆ ಸರಿಯಾಗಿ ತಡೆಗಳನ್ನು ಬಿಗಿದು, ಸ್ಕ್ರೀನನ್ನು ಅವುಗಳಿಗೆ ತಾಗಿಸಿ ಇಡುತ್ತಾರೆ. ಮೊದಲು 1, 3, 5ನೆಯ ಜಾಗಗಳಲ್ಲಿ ಮುದ್ರಿಸಿ, ಅವು ಆರಿದ ಮೇಲೆ 2, 4, 6ನೆಯದಕ್ಕೆ ಬರುತ್ತಾರೆ. ಹಾಗೆ ಮಾಡದಿದ್ದರೆ ಚೌಕಟ್ಟಿನ ಅಡಿ ಹಸಿ ಬಣ್ಣದ ಮೇಲೆ ಕುಳಿತು ಕಲೆಯಾಗುತ್ತದೆ. ಎರಡು ಅಚ್ಚು ಕೂಡುವ ಗಡಿ ಎಂದೂ ನೇರ ಗೆರೆಯಾಗಿರಬಾರದು. ಹಕ್ಕಿಯ ಬೆನ್ನು, ಎಲೆಯ ಅಂಚು, ಹಣ್ಣಿನ ದುಂಡು ಇವುಗಳನ್ನು ಬಳಸಿಕೊಂಡು ವಸ್ತುಗಳ ನಡುವಿನ ಖಾಲಿಯಲ್ಲೇ ಅಂಕುಡೊಂಕಾಗಿ ಸಾಗಬೇಕು. ಆಗ ಕೂಡಿಕೆ ಒಂದು ಮಿಲಿಮೀಟರ್ ತಪ್ಪಿದರೂ ಹಕ್ಕಿಯ ಮೈ ಸೀಳುವುದಿಲ್ಲ.

ಒಂದೇ ಹಕ್ಕಿಯನ್ನು ಇಡೀ ಬಟ್ಟೆಗೆ ಹಾಕದೆ, ಚೌಕದೊಳಗೆ ಮೂರು ಬೇರೆ ಭಂಗಿಗಳನ್ನಾದರೂ ಇಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಅಧಿಷ್ಠಾನದಲ್ಲಿ, ಅಂದರೆ ಗೋಡೆಯ ತಳಭಾಗದಲ್ಲಿ, ಆನೆಗಳ ಸಾಲು ಗುಡಿಯನ್ನು ಸುತ್ತಿ ನಡೆಯುತ್ತದೆ. ದೂರದಿಂದ ಅದು ಒಂದೇ ಲಯದ ಪಟ್ಟಿ. ಹತ್ತಿರ ಹೋದರೆ ಒಂದರ ಸೊಂಡಿಲು ಮೇಲಕ್ಕೆ, ಇನ್ನೊಂದರದು ಕೆಳಕ್ಕೆ, ಹೆಜ್ಜೆಯ ಇಡುವಿಕೆಯಲ್ಲೂ ವ್ಯತ್ಯಾಸ. ಶಿಲ್ಪಿ ಪ್ರತಿ ಆನೆಯನ್ನೂ ಹೊಸದಾಗಿ ಕೆತ್ತಬಲ್ಲ, ಸ್ಕ್ರೀನಿಗೆ ಆ ಸ್ವಾತಂತ್ರ್ಯವಿಲ್ಲ. ಆದರೆ ಪಕ್ಕಕ್ಕೆ ತಿರುಗಿ ಕುಳಿತ ಒಂದು ಪಿಕಳಾರ, ಹಣ್ಣಿಗೆ ಬಗ್ಗಿದ ಇನ್ನೊಂದು, ಕೆನ್ನೆಯಲ್ಲಿ ಕೆಂಪು ಇನ್ನೂ ಮೂಡದ ಮರಿಯೊಂದು ಇದ್ದರೆ ಬಟ್ಟೆಗೆ ಬೇಕಾದ ವೈವಿಧ್ಯ ದೊರೆಯುತ್ತದೆ. ಮರಿಗೆ ಮಚ್ಚೆ ಇಲ್ಲದಿರುವುದು ನಿಸರ್ಗದ ಸತ್ಯ, ಕೆಂಪು ಎಲ್ಲೆಲ್ಲೂ ಸಮನಾಗಿ ಚೆಲ್ಲದಂತೆ ತಡೆಯುವ ಅನುಕೂಲವೂ ಹೌದು.

ಹಂಚಿಕೆಯನ್ನು ಪರೀಕ್ಷಿಸಲು ಚೌಕದ ಒಂಬತ್ತು ಪ್ರತಿಗಳನ್ನು ಮೂರು ಸಾಲಿನಲ್ಲಿ ಜೋಡಿಸಿ ದೂರದಿಂದ ನೋಡುವುದು ಎಲ್ಲರೂ ಮಾಡುವ ಕ್ರಮ. ಅದಕ್ಕಿಂತ ಉಪಯುಕ್ತವಾದದ್ದು ಒಂದೊಂದು ಬಣ್ಣದ ಹಾಳೆಯನ್ನೇ ಬೇರೆಯಾಗಿ ಜೋಡಿಸಿ ನೋಡುವುದು. ಕೆಂಪು ಹಾಳೆಯ ಒಂಬತ್ತು ಪ್ರತಿಗಳನ್ನು ಮಾತ್ರ ಇಟ್ಟಾಗ ಹಣ್ಣು, ಮಚ್ಚೆ, ಬಾಲದ ಬುಡಗಳು ಬರಿಯ ಚುಕ್ಕೆಗಳಾಗಿ ಕಾಣುತ್ತವೆ. ಅವು ಎಲ್ಲಿಯೋ ಗುಂಪುಗೂಡಿದ್ದರೆ, ಇನ್ನೆಲ್ಲಿಯೋ ಬರಿದಾಗಿದ್ದರೆ ತಕ್ಷಣ ತಿಳಿಯುತ್ತದೆ. ಹಕ್ಕಿಯನ್ನು ಸರಿಸಲಾಗದಿದ್ದರೂ ಒಂದು ಹಣ್ಣನ್ನು ಸರಿಸಬಹುದು. ಪ್ರತಿಯೊಂದು ಬಣ್ಣವೂ ಒಂಟಿಯಾಗಿ ನಿಂತಾಗ ಚೆಂದ ಕಾಣುವಂತಿದ್ದರೆ ಮೂರೂ ಕೂಡಿದಾಗ ಕೆಡುವುದು ಅಪರೂಪ.

ಉಡುವಾಗ ಹಕ್ಕಿ ಯಾವ ಕಡೆ ತಲೆ ಮಾಡುತ್ತದೆ

ಎಲೆ ಹೂಗಳನ್ನು ಹೇಗೆ ತಿರುಗಿಸಿದರೂ ನಡೆಯುತ್ತದೆ, ಪ್ರಾಣಿಗಳಿಗೆ ಮೇಲು ಕೆಳಗು ಇದೆ. ಸೀರೆ ಸೊಂಟದ ಸುತ್ತ ಅಡ್ಡಕ್ಕೆ ಸುತ್ತಿಕೊಳ್ಳುವುದರಿಂದ ಒಡಲಿನ ಹಕ್ಕಿ ನೆಟ್ಟಗೆ ಕಾಣಬೇಕಾದರೆ ಅದರ ತಲೆ ಸೀರೆಯ ಮೇಲಂಚಿನ ಕಡೆ, ಕಾಲು ಕೆಳಗಂಚಿನ ಕಡೆ ಇರಬೇಕು. ಅದೇ ಸೀರೆಯ ಸೆರಗು ಭುಜದಿಂದ ಕೆಳಗೆ ಜೋತುಬೀಳುವಾಗ ಸೀರೆಯ ಉದ್ದವೇ ಮೇಲಿನಿಂದ ಕೆಳಕ್ಕೆ ಬರುತ್ತದೆ. ಒಡಲಿನ ಜೋಡಣೆಯನ್ನೇ ಸೆರಗಿಗೂ ಮುಂದುವರಿಸಿದರೆ ಅಲ್ಲಿ ಹಕ್ಕಿಗಳೆಲ್ಲ ಅಡ್ಡಬಿದ್ದಿರುತ್ತವೆ. ಆದ್ದರಿಂದ ಸೆರಗಿಗೆ ಪ್ರತ್ಯೇಕ ಸ್ಕ್ರೀನ್ ಮಾಡಿ, ಹಕ್ಕಿಯನ್ನು ಕಾಲು ಸುತ್ತು ತಿರುಗಿಸಿ, ಕಾಲು ಸೆರಗಿನ ತುದಿಯ ಕಡೆಗೆ ಬರುವಂತೆ ಇಡಬೇಕು. ಕುರ್ತಾ, ಅಂಗಿಯ ಬಟ್ಟೆಯಲ್ಲಿ ಉದ್ದವೇ ಮೇಲು ಕೆಳಗು. ಅಲ್ಲಿ ಎಲ್ಲ ಹಕ್ಕಿಗಳೂ ಒಂದೇ ಕಡೆ ತಲೆ ಮಾಡಿದ್ದರೆ, ಭುಜದ ಮೇಲೆ ಹೊಲಿಗೆಯಿಲ್ಲದೆ ಮಡಿಸಿ ಕತ್ತರಿಸಿದ ಉಡುಪಿನ ಬೆನ್ನಿನಲ್ಲಿ ಅವು ತಲೆಕೆಳಗಾಗುತ್ತವೆ. ಅಂಥ ಬಟ್ಟೆಗೆ ದರ್ಜಿ ಹೆಚ್ಚು ಬಟ್ಟೆ ಕೇಳುತ್ತಾರೆ. ಟೊಂಗೆಗಳನ್ನು ಬೇರೆ ಬೇರೆ ಕಡೆಗೆ ಬಾಗಿಸಿ, ಕೆಲವು ಹಕ್ಕಿಗಳು ಹಣ್ಣಿಗಾಗಿ ತಲೆ ಕೆಳಗೆ ಮಾಡಿ ಜೋತುಬಿದ್ದಿರುವಂತೆ ಬರೆದರೆ ಈ ತೊಂದರೆ ತಾನಾಗಿಯೇ ಕಡಿಮೆಯಾಗುತ್ತದೆ. ಹಣ್ಣು ಕೀಳುವಾಗ ಪಿಕಳಾರ ಹಾಗೆ ಜೋತುಬೀಳುವುದನ್ನು ನೋಡಿದವರಿಗೆ ಅದು ಕೃತಕವೆನಿಸದು.

ಮಾದರಿ ಮುದ್ರಣ

ಸ್ಕ್ರೀನ್ ಸಿದ್ಧವಾದ ಮೇಲೆ ಒಂದು ಮೀಟರ್ ಬಟ್ಟೆಯಲ್ಲಿ ಮಾದರಿ ತೆಗೆಯದೆ ಮುಂದುವರಿಯಬಾರದು. ನೀರು ಆಧಾರದ ಬಣ್ಣ ಬೇಸಿಗೆಯ ಒಣಹವೆಯಲ್ಲಿ ಜಾಲರಿಯ ಕಣ್ಣುಗಳಲ್ಲೇ ಒಣಗಿ ಕಟ್ಟಿಕೊಳ್ಳುತ್ತದೆ, ಮೊದಲು ಮುಚ್ಚಿಹೋಗುವುದು ಗರಿಯ ತೆಳು ಗೀಟುಗಳು. ಆದ್ದರಿಂದ ಒಂದು ಎಳೆತಕ್ಕೂ ಮುಂದಿನದಕ್ಕೂ ನಡುವೆ ಹೆಚ್ಚು ಹೊತ್ತು ಬಿಡಬಾರದು. ಬೈಂಡರ್ ಎಂಬ ಅಂಟಿನಲ್ಲಿ ಬೆರೆಸಿದ ಪಿಗ್ಮೆಂಟ್ ಬಣ್ಣಕ್ಕೆ ಒಣಗಿದ ಮೇಲೆ ಸುಮಾರು 150 ಡಿಗ್ರಿ ಸೆಲ್ಸಿಯಸ್ ಶಾಖವನ್ನು ಮೂರರಿಂದ ಐದು ನಿಮಿಷ ಕೊಟ್ಟರೆ ಅದು ನೂಲಿಗೆ ಗಟ್ಟಿಯಾಗಿ ಹಿಡಿಯುತ್ತದೆ. ಮಾದರಿಯನ್ನು ಒಗೆದು, ಒಣಗಿಸಿ, ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿದ ಮೇಲೆ ಚಿತ್ರವನ್ನು ಮತ್ತೊಮ್ಮೆ ಪರಿಶೀಲಿಸಬೇಕು: ಕೆನ್ನೆಯ ಬಿಳಿ ಉಳಿದಿದೆಯೇ, ಮಚ್ಚೆ ಕಪ್ಪಿನಿಂದ ಬೇರೆಯಾಗಿ ಕಾಣುತ್ತಿದೆಯೇ, ಗರಗಸದಂಥ ಎಲೆಯಂಚು ಮೊಂಡಾಗಿಲ್ಲವೇ? ತಿದ್ದುಪಡಿ ಬೇಕಾದರೆ ಸ್ಕ್ರೀನಿಗೆ ತೇಪೆ ಹಾಕುವುದಕ್ಕಿಂತ ಆ ಬಣ್ಣದ ಹಾಳೆಯನ್ನೇ ತಿದ್ದಿ ಹೊಸದಾಗಿ ಒಡ್ಡುವುದು ಮೇಲು.

ಅದೇ ಮೂರು ಸ್ಕ್ರೀನಿನಿಂದ ಬೇರೆ ಬಣ್ಣಗಳ ಸರಣಿಗಳನ್ನೂ ತೆಗೆಯಬಹುದು: ಕಂದಿನ ಬದಲು ಎಲೆಹಸಿರು, ಕಪ್ಪಿನ ಬದಲು ಗಾಢ ನೀಲಿ. ಬಟ್ಟೆ ತಿಳಿ ಹಳದಿಯಾದರೆ ಹಕ್ಕಿಯ ಹೊಟ್ಟೆಯೂ ಹಳದಿಯಾಗುತ್ತದೆ, ಅಷ್ಟನ್ನು ಕಣ್ಣು ಒಪ್ಪುತ್ತದೆ. ಬಟ್ಟೆ ಕಪ್ಪಾದರೆ ಮಾತ್ರ ಲೆಕ್ಕವೇ ತಿರುಗುತ್ತದೆ. ಹೊಟ್ಟೆ, ಕೆನ್ನೆ, ಹೂವಿನ ಬಿಳಿಯನ್ನು ಬಟ್ಟೆ ಕೊಡುವುದಿಲ್ಲ. ಅವಕ್ಕೆ ಅಪಾರದರ್ಶಕ ಬಿಳಿಯ ಹೊಸ ಸ್ಕ್ರೀನ್ ಬೇಕು. ಕೆಂಪು ಮತ್ತು ಕಂದಿನ ಅಡಿಯಲ್ಲೂ ಅದೇ ಬಿಳಿಯನ್ನು ಮೊದಲು ಹಾಸದಿದ್ದರೆ ಅವು ಕಪ್ಪಿನಲ್ಲಿ ಇಂಗಿಹೋಗುತ್ತವೆ. ಕಪ್ಪು ತಲೆಯನ್ನು ಆಗ ಬಟ್ಟೆಯೇ ಕೊಡುತ್ತದೆ, ಆದರೆ ಜುಟ್ಟಿನ ಸುತ್ತ ಹೊರರೇಖೆ ಇಲ್ಲದಿದ್ದರೆ ಅದು ಹಿನ್ನೆಲೆಯಲ್ಲಿ ಕಳೆದುಹೋಗುತ್ತದೆ. ಆದ್ದರಿಂದ ಕಪ್ಪು ಬಟ್ಟೆಯ ಪಿಕಳಾರಕ್ಕೆ ಜುಟ್ಟಿನ ಹಿಂದೆ ಒಂದು ಎಲೆಯನ್ನೋ ಅರಳಿದ ಬಿಳಿ ಹೂವನ್ನೋ ಇಟ್ಟು, ಆ ತಿಳಿ ಬಣ್ಣದ ಮೇಲೆ ಜುಟ್ಟಿನ ಆಕಾರ ಖಾಲಿಯಾಗಿ ಉಳಿಯುವಂತೆ ಚಿತ್ರವನ್ನು ಹೊಸದಾಗಿ ಬರೆಯಬೇಕು.